ಹೆಸರಿಗೂ ಒಂದು ಶಿಸ್ತು: ಕಂಪ್ಯೂಟರ್ ಲೋಕದ ದೊಡ್ಡಕ್ಷರ, ಸಣ್ಣಕ್ಷರ

ಸುರಪುರದ ಹೆಸರನ್ನು ಕನ್ನಡದಲ್ಲಿ ಬರೆಯುವುದು ಸುಲಭ. ಇಂಗ್ಲಿಷಿನಲ್ಲಿ ಬರೆಯಹೊರಟಾಗಲೇ ತೊಡಕು ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ತನ್ನ ಬರಹಗಳಲ್ಲಿ ಈ ಊರನ್ನು 'ಶೋರಾಪೂರ್' ಎಂದು ಕರೆದ. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರು ಈಗಲೂ 'ಶೋರಾಪುರ್'. ಕೆಲವರು 'ಸುರ್ಪುರ್' ಎನ್ನುತ್ತಾರೆ, ಇನ್ನು ಕೆಲವರು ಕನ್ನಡದ ಉಚ್ಚಾರಕ್ಕೆ ಹತ್ತಿರವಾಗಿ 'ಸುರಪುರ' ಎಂದೇ ಇಂಗ್ಲಿಷ್ ಅಕ್ಷರ ಜೋಡಿಸುತ್ತಾರೆ. ಶಹಾಪುರದ ಇಂಗ್ಲಿಷ್ ಹೆಸರಿನಲ್ಲಿ ಒಮ್ಮೆ 'ಎ' ಅಕ್ಷರ ಎರಡಿದ್ದರೆ ಇನ್ನೊಮ್ಮೆ ಮೂರಿರುತ್ತವೆ. ಯಾದಗಿರಿಯ ಕೊನೆಯ 'ಇ'ಕಾರ ಇಂಗ್ಲಿಷಿಗೆ ಹೋಗುವಾಗ ಬಹುಪಾಲು ಉದುರಿಹೋಗುತ್ತದೆ.

ಇದರಿಂದ ನಮಗೇನೂ ನಷ್ಟವಾಗಿಲ್ಲ. ಯಾವ ಕಾಗುಣಿತದಲ್ಲಿ ವಿಳಾಸ ಬರೆದರೂ ಅಂಚೆಯಣ್ಣ ಪತ್ರವನ್ನು ಸರಿಯಾದ ಮನೆಗೇ ತಲುಪಿಸುತ್ತಾನೆ, ಏಕೆಂದರೆ ಆತನಿಗೆ ಊರು ಗೊತ್ತು. ಕಂಪ್ಯೂಟರಿಗೆ ಊರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಕ್ಷರಗಳು ಮಾತ್ರ. ಅವೂ ಅಂಕಿಗಳ ರೂಪದಲ್ಲಿ. ನಾಲ್ಕು ಕಾಗುಣಿತಗಳೆಂದರೆ ಅದರ ಪಾಲಿಗೆ ನಾಲ್ಕು ಊರುಗಳು. ಅದೇ ಕಾಗುಣಿತವನ್ನು ಒಬ್ಬರು ಎಲ್ಲ ದೊಡ್ಡಕ್ಷರಗಳಲ್ಲಿ, ಇನ್ನೊಬ್ಬರು ಎಲ್ಲ ಸಣ್ಣಕ್ಷರಗಳಲ್ಲಿ, ಮತ್ತೊಬ್ಬರು ಮೊದಲಕ್ಷರ ಮಾತ್ರ ದೊಡ್ಡದಾಗಿ ಟೈಪ್ ಮಾಡಿದರೆ ನಾಲ್ಕು ಹೋಗಿ ಹನ್ನೆರಡಾಗುತ್ತವೆ!

ಈ ಹನ್ನೆರಡರ ಲೆಕ್ಕ ತಮಾಷೆಯದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೋ ಎಂಜಿನಿಯರಿಂಗಿಗೋ ಸೇರಿದ ನಮ್ಮ ಭಾಗದ ಮಕ್ಕಳು ಪ್ರೋಗ್ರಾಮ್ ಬರೆಯಲು ಕುಳಿತಾಗ ಮೊದಲು ಎಡವುವ ಕಲ್ಲುಗಳಲ್ಲಿ ಇದೂ ಒಂದು. ತರ್ಕ ಸರಿಯಿರುತ್ತದೆ, ಲೆಕ್ಕ ಸರಿಯಿರುತ್ತದೆ. ಆದರೆ 'ಜಾವಾ' ಭಾಷೆಯಲ್ಲಿ 'ಸ್ಟ್ರಿಂಗ್' ಎಂಬ ಪದದ 'ಎಸ್' ಅಕ್ಷರವನ್ನು ಸಣ್ಣದಾಗಿ ಬರೆದಿರುತ್ತಾರೆ. ಅಂಥ ಹೆಸರೇ ಸಿಗಲಿಲ್ಲವೆಂದು ಯಂತ್ರ ದೂರುತ್ತದೆ. ವಿದ್ಯಾರ್ಥಿ ಅರ್ಧ ಗಂಟೆ ತಲೆ ಕೆಡಿಸಿಕೊಂಡು 'ಇದು ನನ್ನಂಥವರಿಗಲ್ಲ' ಎಂಬ ತೀರ್ಮಾನಕ್ಕೆ ಬಂದುಬಿಟ್ಟರೆ ಗತಿಯೇನು? ಅಲ್ಲಿ ಕೊರತೆಯಿದ್ದದ್ದು ಬುದ್ಧಿಯದಲ್ಲ, ಒಂದು ರೂಢಿಯ ಪರಿಚಯದ್ದು. ರೂಢಿಯನ್ನು ಯಾರು ಬೇಕಾದರೂ ಕಲಿಯಬಹುದು.

ನಮ್ಮ ಲಿಪಿಗೆ ಗೊತ್ತಿಲ್ಲದ ಭೇದ

ಯಾದಗಿರಿಯ ಪೇಟೆಯಲ್ಲಿ ಅಂಗಡಿಗಳ ಬೋರ್ಡು ನೋಡುತ್ತ ಹೊರಡಿ. ಕನ್ನಡ, ಉರ್ದು, ತೆಲುಗು, ಹಿಂದಿ - ಈ ಯಾವ ಲಿಪಿಯಲ್ಲೂ ದೊಡ್ಡಕ್ಷರ, ಸಣ್ಣಕ್ಷರ ಎಂಬ ಎರಡು ಜಾತಿಗಳಿಲ್ಲ. ರೋಮನ್, ಗ್ರೀಕ್, ರಷ್ಯನ್ ಮುಂತಾದ ಕೆಲವು ಲಿಪಿಗಳಲ್ಲಿ ಮಾತ್ರ ಈ ಭೇದವುಂಟು. ಇಂಗ್ಲಿಷಿನಲ್ಲಿ ಇವನ್ನು 'ಅಪ್ಪರ್ ಕೇಸ್', 'ಲೋಯರ್ ಕೇಸ್' ಎನ್ನುವುದು ಹಳೆಯ ಅಚ್ಚುಕೂಟದಿಂದ ಬಂದ ಮಾತು. ಮೊಳೆ ಜೋಡಿಸುವವನ ಮುಂದೆ ಎರಡು ಮರದ ಪೆಟ್ಟಿಗೆಗಳಿರುತ್ತಿದ್ದವು. ಮೇಲಿನ ಪೆಟ್ಟಿಗೆಯ ಮನೆಗಳಲ್ಲಿ ದೊಡ್ಡಕ್ಷರದ ಮೊಳೆಗಳು, ಕೆಳಗಿನದರಲ್ಲಿ ಸಣ್ಣಕ್ಷರದವು.

ಆರಂಭದ ಕಂಪ್ಯೂಟರುಗಳಿಗೂ ಈ ಭೇದ ತಿಳಿದಿರಲಿಲ್ಲ. 1957ರಲ್ಲಿ ಬಂದ 'ಫೋರ್ಟ್ರಾನ್' ಭಾಷೆಯ ಪ್ರೋಗ್ರಾಮುಗಳನ್ನು ದೊಡ್ಡಕ್ಷರಗಳಲ್ಲೇ ಬರೆಯುತ್ತಿದ್ದರು. ಅಕ್ಷರಗಳಿಗೆ ಅಂಕಿ ಹಚ್ಚುವ 'ಆಸ್ಕಿ' ಎಂಬ ಅಮೆರಿಕದ ಮಾನಕ 1963ರಲ್ಲಿ ಮೊದಲು ಪ್ರಕಟವಾದಾಗ ಅದರಲ್ಲಿ ಸಣ್ಣಕ್ಷರಗಳಿರಲಿಲ್ಲ. 1967ರ ಪರಿಷ್ಕರಣೆಯಲ್ಲಿ ಅವೂ ಸೇರಿದವು. ಆಸ್ಕಿಯಲ್ಲಿ ದೊಡ್ಡ 'ಎ'ಗೆ 65, ಸಣ್ಣ 'ಎ'ಗೆ 97. ಹೀಗೆಯೇ 'ಜೆಡ್'ವರೆಗೆ ಪ್ರತಿ ಜೋಡಿಯ ನಡುವೆ ಸರಿಯಾಗಿ 32ರ ಅಂತರ. ನಮ್ಮ ಕಣ್ಣಿಗೆ ಒಂದೇ ಅಕ್ಷರದ ಎರಡು ರೂಪಗಳಾಗಿ ಕಾಣುವುದು ಯಂತ್ರಕ್ಕೆ 65 ಮತ್ತು 97ರಷ್ಟು ಬೇರೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ 'ಸಿ' ಭಾಷೆ ಈ ಬೇರೆತನವನ್ನು ಹಾಗೆಯೇ ಒಪ್ಪಿಕೊಂಡಿತು. ಅದರ ಹಾದಿಯಲ್ಲಿ ಬಂದ ಜಾವಾ, ಜಾವಾಸ್ಕ್ರಿಪ್ಟ್, ಮತ್ತೆ ಪೈಥಾನ್ ಕೂಡ ಅದನ್ನೇ ಪಾಲಿಸಿದವು.

ಹಳ್ಳಿ ಮತ್ತು ಹಲ್ಲಿ

ಹಾಗೆಂದು ಇದು ಕನ್ನಡಿಗರಿಗೆ ದಕ್ಕದ ವಿದ್ಯೆಯೇನಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯ ವಿನ್ಯಾಸ ನೋಡಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬಳಕೆಯಾಗುವುದೂ ಅದೇ. 'ಕೆ' ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. 'ಡಿ' ಒತ್ತಿದರೆ ದ, ಶಿಫ್ಟ್ ಜೊತೆಗೆ ಧ. 'ಎಲ್' ಒತ್ತಿದರೆ ಲ, ಶಿಫ್ಟ್ ಜೊತೆಗೆ ಳ. ಶಿಫ್ಟ್ ಮರೆತರೆ 'ಹಳ್ಳಿ' ಹೋಗಿ 'ಹಲ್ಲಿ' ಆಗುತ್ತದೆ, 'ಮಧ್ಯ'ದಲ್ಲಿ ನಿಂತವರು 'ಮದ್ಯ'ದಲ್ಲಿ ನಿಲ್ಲುತ್ತಾರೆ!

ಅಲ್ಪಪ್ರಾಣ, ಮಹಾಪ್ರಾಣಗಳ ಭೇದವನ್ನು ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ಕಲಿಯುತ್ತಾರೆ. ಆಡುಮಾತಿನಲ್ಲಿ ಮಹಾಪ್ರಾಣ ಮಾಯವಾದರೂ ಬರಹದಲ್ಲಿ ಅದನ್ನು ಉಳಿಸಿಕೊಳ್ಳಬೇಕೆಂದು ಬಲ್ಲರು. ಇಂಗ್ಲಿಷಿನ ದೊಡ್ಡಕ್ಷರವೂ ಹಾಗೆಯೇ: ಕಿವಿಗೆ ಕೇಳಿಸುವುದಿಲ್ಲ, ಕಣ್ಣಿಟ್ಟು ನೋಡಬೇಕು. ಪ್ರೋಗ್ರಾಮನ್ನು ಗಟ್ಟಿಯಾಗಿ ಓದಿ ಹೇಳಿಕೊಡುವ ಪಾಠದಲ್ಲಿ ಈ ಭೇದ ದಾಟಿಹೋಗುವುದು ಇದೇ ಕಾರಣಕ್ಕೆ. ಹಲಗೆಯ ಮೇಲೆ ಬರೆದು, ಅಕ್ಷರದ ಕೆಳಗೆ ಗೆರೆ ಎಳೆದು ತೋರಿಸಬೇಕಾದ ಸಂಗತಿ ಇದು.

ವಿಜ್ಞಾನದ ಪುಸ್ತಕದಲ್ಲಿ ಆಗಲೇ ಇದೆ

ವಿಜ್ಞಾನ ಪಾಠದಲ್ಲಿ ಈ ಶಿಸ್ತು ಮಕ್ಕಳಿಗೆ ಮೊದಲೇ ಸಿಕ್ಕಿರುತ್ತದೆ. ಮೂಲವಸ್ತುಗಳಿಗೆ ಅಕ್ಷರ ಸಂಕೇತ ಕೊಡುವ ಪದ್ಧತಿಯನ್ನು 1813-14ರ ಸುಮಾರಿಗೆ ಸ್ವೀಡನ್ನಿನ ಬರ್ಜೀಲಿಯಸ್ ರೂಢಿಗೆ ತಂದ. ಇಂದಿನ ನಿಯಮದಂತೆ ಸಂಕೇತದ ಮೊದಲ ಅಕ್ಷರ ದೊಡ್ಡದು, ಎರಡನೆಯದು ಇದ್ದರೆ ಅದು ಸಣ್ಣದು. ದೊಡ್ಡ 'ಸಿ' ಪಕ್ಕದಲ್ಲಿ ಸಣ್ಣ 'ಓ' ಬರೆದರೆ ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ.

ಅಳತೆಯ ಮಾನಗಳಲ್ಲೂ ಹೀಗೆಯೇ. ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟ್. ಮೆಗಾವಾಟಿನ ಸಂಕೇತದಲ್ಲಿರುವ ದೊಡ್ಡ 'ಎಂ' ಅಕ್ಷರವನ್ನು ಸಣ್ಣದಾಗಿ ಬರೆದರೆ ಅದು ಮಿಲಿವಾಟ್ ಆಗುತ್ತದೆ. ಆಗ ಇಡೀ ಸ್ಥಾವರದ ಶಕ್ತಿ 1.72 ವಾಟ್, ಅಂದರೆ ಒಂದು ಸಣ್ಣ ಟಾರ್ಚಿಗಾಗುವಷ್ಟು! ಒಂದಕ್ಷರದ ಗಾತ್ರದಿಂದ ನೂರು ಕೋಟಿ ಪಟ್ಟು ವ್ಯತ್ಯಾಸ.

ನಮ್ಮ ಹೊಲದ ತೊಗರಿಯ ವೈಜ್ಞಾನಿಕ ಹೆಸರು 'ಕೆಜಾನಸ್ ಕೆಜಾನ್'. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು 1753ರಲ್ಲಿ ಲಿನೇಯಸ್ ನೆಲೆಗೊಳಿಸಿದ. ಇದರಲ್ಲಿ ಮೊದಲ ಪದ ಕುಲದ್ದು, ದೊಡ್ಡಕ್ಷರದಿಂದ ಶುರು. ಎರಡನೆಯದು ಪ್ರಭೇದದ್ದು, ಸಣ್ಣಕ್ಷರದಿಂದ ಶುರು. ಇಡೀ ಗುಂಪನ್ನು ಸೂಚಿಸುವ ಹೆಸರಿಗೆ ದೊಡ್ಡಕ್ಷರ ಎಂಬ ಈ ಕಲ್ಪನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಒಂಟೆಯ ಡುಬ್ಬ, ಹಾವಿನ ನಡಿಗೆ

ಪ್ರೋಗ್ರಾಮ್ ಬರೆಯುವಾಗ ಪ್ರತಿಯೊಂದಕ್ಕೂ ಹೆಸರಿಡಬೇಕು. ಅಂಕಗಳಿಗೆ, ಪಟ್ಟಿಗೆ, ಕೂಡುವ ಕ್ರಿಯೆಗೆ, ಎಲ್ಲಕ್ಕೂ. ಹೆಸರು ಒಂದಕ್ಕಿಂತ ಹೆಚ್ಚು ಪದಗಳದ್ದಾದರೆ ನಡುವೆ ಜಾಗ ಬಿಡುವಂತಿಲ್ಲ, ಜಾಗ ಕಂಡೊಡನೆ ಹೆಸರು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಅಡ್ಡಗೆರೆ ಹಾಕಿದರೆ ಬಹುತೇಕ ಭಾಷೆಗಳು ಅದನ್ನು ಕಳೆಯುವ ಚಿಹ್ನೆಯೆಂದು ಓದುತ್ತವೆ. ಹಾಗಾಗಿ 'ಸ್ಟೂಡೆಂಟ್ ಟೋಟಲ್ ಮಾರ್ಕ್ಸ್' ಎಂಬ ಮೂರು ಪದಗಳನ್ನು ಹೇಗೆ ಪೋಣಿಸುವುದು?

ಒಂದು ಬಗೆ, ಮೂರನ್ನೂ ಅಂಟಿಸಿ ಎರಡನೆಯ ಪದದಿಂದ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದು ಮಾಡುವುದು. ನಡುನಡುವೆ ಎದ್ದ ಅಕ್ಷರಗಳು ಒಂಟೆಯ ಡುಬ್ಬದಂತೆ ಕಾಣುವುದರಿಂದ ಇದಕ್ಕೆ 'ಕ್ಯಾಮೆಲ್ ಕೇಸ್' ಎಂದು ಹೆಸರು. ಶಹಾಪುರದ ಗುಡ್ಡಗಳ ಸಾಲು ನೋಡಿದವರಿಗೆ ಈ ಏರಿಳಿತ ಮರೆಯದು. ಇನ್ನೊಂದು ಬಗೆಯಲ್ಲಿ ಎಲ್ಲವೂ ಸಣ್ಣಕ್ಷರ, ಪದಗಳ ನಡುವೆ ನೆಲಕ್ಕೆ ಅಂಟಿದ ಗೆರೆ: 'ಸ್ಟೂಡೆಂಟ್_ಟೋಟಲ್_ಮಾರ್ಕ್ಸ್'. ನೆಲ ಹಿಡಿದು ಸಾಗುವ ಇದು 'ಸ್ನೇಕ್ ಕೇಸ್', ಹಾವಿನ ಬಗೆ. ಮೊದಲ ಪದವೂ ಸೇರಿ ಎಲ್ಲ ಪದಗಳ ಮೊದಲಕ್ಷರ ದೊಡ್ಡದಾಗಿದ್ದರೆ ಅದು 'ಪ್ಯಾಸ್ಕಲ್ ಕೇಸ್'.

1990ರ ದಶಕದಲ್ಲಿ ಜಾವಾ ಭಾಷೆಯನ್ನು ಹೊರತಂದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಇದಕ್ಕೊಂದು ಕಟ್ಟುಪಾಡು ಹಾಕಿಕೊಟ್ಟಿತು. ಇಡೀ ವರ್ಗವನ್ನು, ಅಂದರೆ 'ಕ್ಲಾಸ್' ಎಂಬುದನ್ನು ಸೂಚಿಸುವ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ಕ್ರಿಯೆಯ ಹಾಗೂ ಬದಲಾಗುವ ಬೆಲೆಯ ಹೆಸರುಗಳು ಸಣ್ಣಕ್ಷರದಿಂದ. ಬದಲಾಗದ ಸ್ಥಿರಾಂಕಗಳು ಪೂರ್ತಿ ದೊಡ್ಡಕ್ಷರಗಳಲ್ಲಿ. ತೊಗರಿಯ ಕುಲಕ್ಕೆ ದೊಡ್ಡಕ್ಷರ ಬಂದಂತೆಯೇ ಇದು. ಪೈಥಾನಿನವರು 2001ರಲ್ಲಿ ಬರೆದಿಟ್ಟ ನಿಯಮಾವಳಿಯಲ್ಲಿ ವರ್ಗಗಳಿಗೆ ದೊಡ್ಡಕ್ಷರದ ಆರಂಭವೇ ಇದೆ, ಆದರೆ ಕ್ರಿಯೆಗಳಿಗೆ ಹಾವಿನ ಬಗೆ.

ಕಟ್ಟಳೆ ಯಾವುದು, ವಾಡಿಕೆ ಯಾವುದು?

ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುವುದು ಇಲ್ಲಿ. ನಿಯಮಗಳೆಲ್ಲ ಒಂದೇ ತೂಕದವಲ್ಲ. ಅವುಗಳನ್ನು ಮೂರು ಪಾಲು ಮಾಡಿಕೊಂಡರೆ ದಾರಿ ಸಲೀಸು.

ಮೊದಲನೆಯದು ಯಂತ್ರವೇ ಹೇರುವ ಕಟ್ಟಳೆ. 2009ರಲ್ಲಿ ಗೂಗಲ್ ಸಂಸ್ಥೆ ಹೊರತಂದ 'ಗೋ' ಭಾಷೆಯಲ್ಲಿ ದೊಡ್ಡಕ್ಷರದಿಂದ ಶುರುವಾಗುವ ಹೆಸರು ಹೊರಗಿನ ಪ್ರೋಗ್ರಾಮುಗಳಿಗೂ ಕಾಣುತ್ತದೆ, ಸಣ್ಣಕ್ಷರದ್ದು ಒಳಗೇ ಉಳಿಯುತ್ತದೆ. 2013ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ 'ರಿಯಾಕ್ಟ್'ನಲ್ಲಿ ನೀವು ಕಟ್ಟಿದ ಭಾಗದ ಹೆಸರು ದೊಡ್ಡಕ್ಷರದಿಂದಲೇ ಆರಂಭವಾಗಬೇಕು. ಸಣ್ಣಕ್ಷರವಿದ್ದರೆ ಅದನ್ನು ಜಾಲಪುಟದ ಮಾಮೂಲಿ ಗುರುತೆಂದು ತಿಳಿದು ನೀವು ಕಟ್ಟಿದ್ದನ್ನು ತೋರಿಸುವುದೇ ಇಲ್ಲ. ಇಂಥ ಕಟ್ಟಳೆಗೆ ವಿನಾಯಿತಿ ಇಲ್ಲ.

ಎರಡನೆಯದು ಚೌಕಟ್ಟಿನ ವಾಡಿಕೆ. ತಂತ್ರಾಂಶದ 'ಫ್ರೇಮ್‌ವರ್ಕ್' ಎಂದರೆ ಬಡಿಗೇರರು ಮೊದಲೇ ಮಾಡಿಟ್ಟ ಬಾಗಿಲ ಚೌಕಟ್ಟಿನಂತೆ. ಅದರ ಅಳತೆಗೆ ಹೊಂದುವ ಬಾಗಿಲು ತಂದರೆ ಕೆಲಸ ಬೇಗ ಮುಗಿಯುತ್ತದೆ. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮೆಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ 'ರೂಬಿ ಆನ್ ರೇಲ್ಸ್' ಈ ವಿಚಾರದಲ್ಲಿ ಹೆಸರುವಾಸಿ. ವರ್ಗಕ್ಕೆ ದೊಡ್ಡಕ್ಷರದಿಂದ, ಏಕವಚನದಲ್ಲಿ 'ಸ್ಟೂಡೆಂಟ್' ಎಂದು ಹೆಸರಿಟ್ಟರೆ ಸಾಕು, ಮಾಹಿತಿ ಪಟ್ಟಿಯ ಹೆಸರು ಸಣ್ಣಕ್ಷರದಲ್ಲಿ, ಬಹುವಚನದಲ್ಲಿ 'ಸ್ಟೂಡೆಂಟ್ಸ್' ಎಂದಿರುತ್ತದೆಂದು ಅದು ತಾನೇ ಊಹಿಸಿಕೊಂಡು ಎರಡನ್ನೂ ಜೋಡಿಸುತ್ತದೆ. 'ಪರ್ಸನ್' ಎಂಬುದರ ಬಹುವಚನ 'ಪೀಪಲ್' ಎಂದೂ ಅದಕ್ಕೆ ಗೊತ್ತು! ಆದರೆ ಅದು ಕಲಿತಿರುವುದು ಇಂಗ್ಲಿಷ್ ವ್ಯಾಕರಣವನ್ನು ಮಾತ್ರ. 'ತೊಗರಿ' ಎಂದು ರೋಮನ್ ಅಕ್ಷರಗಳಲ್ಲಿ ಹೆಸರಿಟ್ಟರೆ ಪಟ್ಟಿಯನ್ನು 'ತೊಗರಿಸ್' ಎಂದು ಹುಡುಕುತ್ತದೆ. ಇಂಥ ವಾಡಿಕೆಯನ್ನು ಬೇಕಿದ್ದರೆ ಮುರಿಯಬಹುದು, ಆದರೆ ಆಗ ಪ್ರತಿಯೊಂದನ್ನೂ ನಾವೇ ಬಿಡಿಸಿ ಹೇಳಬೇಕಾಗುತ್ತದೆ.

ಮೂರನೆಯದು ಮನುಷ್ಯರು ಮನುಷ್ಯರಿಗಾಗಿ ಮಾಡಿಕೊಂಡ ಒಪ್ಪಂದ. ಜಾವಾದಲ್ಲಿ ನೀವೇ ಕಟ್ಟಿದ ವರ್ಗಕ್ಕೆ ಸಣ್ಣಕ್ಷರದ ಹೆಸರಿಟ್ಟರೂ, ಎಲ್ಲೆಡೆ ಅದನ್ನೇ ಬಳಸಿದರೆ ಪ್ರೋಗ್ರಾಮ್ ಓಡುತ್ತದೆ. ಯಂತ್ರ ಗೊಣಗುವುದಿಲ್ಲ. ಆದರೆ ನಾಳೆ ಅದನ್ನು ಓದುವ ಗೆಳೆಯ ಗೊಣಗುತ್ತಾನೆ. ಒಂದು ಕಡತವನ್ನು ಹತ್ತಾರು ಜನ ತಿದ್ದುವ ಉದ್ಯೋಗದಲ್ಲಿ ಇದು ಸಣ್ಣ ಮಾತಲ್ಲ.

ಕಡತದ ಹೆಸರಿನಲ್ಲಿ ಇನ್ನೊಂದು ಹಳ್ಳವಿದೆ. ವಿಂಡೋಸ್ ಸಾಮಾನ್ಯವಾಗಿ ಕಡತದ ಹೆಸರಿನ ದೊಡ್ಡ, ಸಣ್ಣ ಅಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಜಾಲಪುಟವನ್ನು ಲಿನಕ್ಸ್ ಇರುವ ಯಂತ್ರಕ್ಕೆ ಏರಿಸಿದೊಡನೆ ಚಿತ್ರಗಳೆಲ್ಲ ಮಾಯ! ಹೊಸಬರು ಯಂತ್ರವನ್ನೇ ಬೈಯುತ್ತಾರೆ. ಪ್ರೋಗ್ರಾಮಿನಲ್ಲಿ ಚಿತ್ರದ ಹೆಸರು ಸಣ್ಣಕ್ಷರದಲ್ಲೂ ಕಡತದ ಮೇಲೆ ದೊಡ್ಡಕ್ಷರದಲ್ಲೂ ಇದ್ದದ್ದೇ ಕಾರಣವೆಂದು ಆಮೇಲೆ ತಿಳಿಯುತ್ತದೆ.

ಕನ್ನಡದಲ್ಲೇ ಹೆಸರಿಟ್ಟರೆ?

ಈ ಉಪದ್ವ್ಯಾಪವೇ ಬೇಡ, ಕನ್ನಡದಲ್ಲೇ ಹೆಸರಿಡೋಣ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ವಿಶ್ವದ ಲಿಪಿಗಳಿಗೆಲ್ಲ ಅಂಕಿ ಹಚ್ಚುವ ಯೂನಿಕೋಡ್ ಮಾನಕದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ಜಾವಾದಲ್ಲೂ 2008ರಲ್ಲಿ ಬಂದ ಪೈಥಾನ್ 3ರಲ್ಲೂ ಕನ್ನಡದ ಹೆಸರುಗಳು ನಡೆಯುತ್ತವೆ. 'ಅಂಕ' ಎಂದು ಹೆಸರಿಟ್ಟು ಅದಕ್ಕೆ 35 ಕೊಟ್ಟರೆ ಪೈಥಾನ್ ಒಪ್ಪಿಕೊಳ್ಳುತ್ತದೆ.

ಗೋ ಭಾಷೆಯಲ್ಲಿ ಮಾತ್ರ ನಮ್ಮ ಲಿಪಿಗೆ ಪೂರ್ತಿ ಪ್ರವೇಶವಿಲ್ಲ. 'ಮರ' ಎಂದು ಹೆಸರಿಡಬಹುದು, 'ಮಾವು' ಎಂದು ಇಡಲಾಗದು. ಕಾಗುಣಿತದ ಚಿಹ್ನೆಗಳನ್ನು ಅದು ಅಕ್ಷರಗಳೆಂದು ಎಣಿಸುವುದಿಲ್ಲ. ಆ 'ಮರ' ಕೂಡ ಒಳಗೇ ಉಳಿಯಬೇಕು. ಹೊರಗೆ ಕಾಣಲು ದೊಡ್ಡಕ್ಷರ ಬೇಕು, ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ! ಮುಂದೆ ಒಂದು ರೋಮನ್ ದೊಡ್ಡಕ್ಷರ ಅಂಟಿಸುವುದೊಂದೇ ಉಪಾಯ. ಒಂದು ಲಿಪಿಯ ಅಭ್ಯಾಸ ಇಡೀ ಜಗತ್ತಿನ ನಿಯಮವಾದಾಗ ಉಳಿದ ಲಿಪಿಗಳವರು ಹೀಗೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಕನ್ನಡಕ್ಕೂ ತನ್ನದೇ ತೊಡಕುಗಳಿವೆ. 'ಕೊಡೇಕಲ್' ಎಂಬ ಊರಿನ ಹೆಸರು ತೆಗೆದುಕೊಳ್ಳಿ. ಅದರ 'ಕೊ' ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಇಡಬಹುದು: ಕ ಮತ್ತು ಒತ್ವದ ಒಂದೇ ಚಿಹ್ನೆ, ಇಲ್ಲವೇ ಕ, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಬಿಡಿ ಚಿಹ್ನೆಗಳು. ತೆರೆಯ ಮೇಲೆ ಎರಡೂ ಒಂದೇ, ಒಳಗಿನ ಅಂಕಿಗಳು ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ಟ್' ಮತ್ತು 'ವೇ' ಒತ್ತಕ್ಷರವಾಗಿ ಕೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿರುತ್ತದೆ. ಪೈಥಾನಿನಲ್ಲಿ ಅದನ್ನೇ ಹೆಸರಾಗಿ ಬಳಸಿದರೆ ದೋಷವೆಂದು ತಿರಸ್ಕರಿಸುತ್ತದೆ.

ಊರಿಗೆ ಹೆಸರು, ಲೆಕ್ಕಕ್ಕೆ ಸಂಕೇತ

ಹಾಗಾದರೆ ಜಾಣರು ಏನು ಮಾಡುತ್ತಾರೆ? ಯಂತ್ರ ಹಿಡಿದುಕೊಳ್ಳುವ ಗುರುತನ್ನೂ ಮನುಷ್ಯರು ಓದುವ ಹೆಸರನ್ನೂ ಬೇರೆ ಬೇರೆ ಇಡುತ್ತಾರೆ. ಇದು ಕಂಪ್ಯೂಟರು ಮನೆಮನೆಗೆ ಬರುವ ಮೊದಲೇ ನಮ್ಮ ದೇಶ ಕಂಡುಕೊಂಡ ದಾರಿ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್‌ಕೋಡ್ ಜಾರಿಗೆ ತಂದಿತು. ಸುರಪುರವನ್ನು ಯಾವ ಕಾಗುಣಿತದಲ್ಲಾದರೂ ಬರೆಯಿರಿ, 585224 ಎಂಬ ಅಂಕಿಗೆ ದೊಡ್ಡದು ಸಣ್ಣದು ಎಂಬುದಿಲ್ಲ. ವಾಹನಗಳ ಮೇಲಿನ 'ಕೆಎ-33' ಕಂಡೊಡನೆ ಯಾದಗಿರಿಯದೆಂದು ಗೊತ್ತಾಗುತ್ತದೆ. ರೈಲ್ವೆಯವರಿಗೆ ಯಾದಗಿರಿ ನಿಲ್ದಾಣವೆಂದರೆ 'ವೈಜಿ'.

ಇದರ ಬೆಲೆ ತಿಳಿಯುವುದು ಹೆಸರು ಬದಲಾದಾಗ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಒಟ್ಟು 12 ನಗರಗಳ ಹೆಸರು ಬದಲಾದವು. ಆದರೂ 2024ರ ಲೋಕಸಭಾ ಚುನಾವಣೆಯಲ್ಲಿ ಕ್ಷೇತ್ರದ ಹೆಸರು 'ಗುಲ್ಬರ್ಗಾ' ಎಂದೇ ಇತ್ತು. ಹೆಸರನ್ನೇ ಗುರುತಾಗಿ ನೆಚ್ಚಿಕೊಂಡ ಲೆಕ್ಕದಲ್ಲಿ ಇವು ಎರಡು ಊರುಗಳಾಗುತ್ತವೆ. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಆದರೆ 'ಎಸ್‌ಬಿಸಿ' ಎಂಬ ಸಂಕೇತ ಹಾಗೇ ಉಳಿಯಿತು. ಬೋರ್ಡು ಬದಲಾದರೂ ಸಂಕೇತ ಬದಲಾಗಬೇಕಿಲ್ಲ ಎಂಬುದು ತಂತ್ರಾಂಶ ಬರೆಯುವವರು ಕಲಿಯಬೇಕಾದ ದೊಡ್ಡ ಪಾಠ.

ಮನೆಯಲ್ಲೇ ಆಗುವ ಅಭ್ಯಾಸ

ಪಾಲಕರು ಕಂಪ್ಯೂಟರ್ ಕಲಿತಿರಬೇಕೆಂದಿಲ್ಲ. ಮಗುವಿನ ಹೆಸರು, ತಂದೆಯ ಹೆಸರು, ಊರಿನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬುದನ್ನು ಒಮ್ಮೆ ನಿರ್ಧರಿಸಿ, ಶಾಲೆಯ ದಾಖಲೆ, ಆಧಾರ್, ಬ್ಯಾಂಕಿನ ಪುಸ್ತಕ ಮೂರರಲ್ಲೂ ಒಂದೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ತಂದೆಯ ಹೆಸರಿನ ಮೊದಲಕ್ಷರ ಮುಂದೆಯೋ ಹಿಂದೆಯೋ ಎಂಬುದನ್ನೂ ನೋಡಿ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಿಸಲು ಓಡಾಡುವುದಕ್ಕಿಂತ ಮೊದಲೇ ಅರ್ಧ ಗಂಟೆ ಕುಳಿತು ನೋಡುವುದು ಮೇಲು. ಪಾಸ್‌ವರ್ಡ್ ಹಾಕುವಾಗ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದು ನಿಮಗೂ ಗೊತ್ತಿರಲಿ.

ವಿದ್ಯಾರ್ಥಿಗಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾವು ಕಲಿಯುತ್ತಿರುವ ಭಾಷೆಯ ಹೆಸರಿನ ನಿಯಮಗಳನ್ನು ಬರೆದಿಡಲಿ. ಯಾವುದು ಯಂತ್ರದ ಕಟ್ಟಳೆ, ಯಾವುದು ಚೌಕಟ್ಟಿನ ವಾಡಿಕೆ, ಯಾವುದು ಜನರ ಒಪ್ಪಂದ ಎಂದು ಪಕ್ಕದಲ್ಲಿ ಗುರುತು ಮಾಡಲಿ. ದೋಷ ಬಂದಾಗ ತರ್ಕವನ್ನು ಶಂಕಿಸುವ ಮೊದಲು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಲಿ. ಕಂಪ್ಯೂಟರ್ ಇಲ್ಲದಿದ್ದರೆ ಕಾಗದವೇ ಸಾಕು. ನಮ್ಮ ಜಿಲ್ಲೆಯ ಆರು ತಾಲ್ಲೂಕುಗಳಾದ ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್, ವಡಗೇರಾ, ಹುಣಸಗಿಗಳನ್ನು ಒಂಟೆಯ ಬಗೆಯಲ್ಲೊಮ್ಮೆ, ಹಾವಿನ ಬಗೆಯಲ್ಲೊಮ್ಮೆ ಇಂಗ್ಲಿಷಿನಲ್ಲಿ ಬರೆಯಿರಿ. ಪ್ರತಿ ಹೆಸರಿನ ಹಿಂದೆ 'ತಾಲ್ಲೂಕು' ಎಂಬ ಪದವನ್ನೂ ಸೇರಿಸಿಕೊಳ್ಳಿ. ಒಂದು ವಾರದಲ್ಲಿ ಕೈ ಪಳಗುತ್ತದೆ.

ಕಾಗುಣಿತ ತಿದ್ದುವ ಮೇಷ್ಟ್ರನ್ನು ಮಕ್ಕಳು ಬೈದುಕೊಳ್ಳುವುದು ಹೊಸತಲ್ಲ. ಯಂತ್ರವೂ ಅಂಥದೇ ಒಬ್ಬ ಮೇಷ್ಟ್ರು, ಆದರೆ ಮುಖ ನೋಡಿ ಅಂಕ ಹಾಕುವುದಿಲ್ಲ. ಶಹಾಪುರದ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಅದು ಕೇಳುವುದು ಒಂದೇ: ಇಟ್ಟ ಹೆಸರನ್ನು ಇಟ್ಟಂತೆಯೇ ಕರೆಯಿರಿ.